ಹಲ್ಲು ಬೆಳ್ಳಗಾಗಬೇಕೆ? ಮೊದಲು ಕಲೆಯ ಮೂಲ ಕೇಳಿ

2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್ ಮತ್ತು ಬ್ರಷ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಹಲ್ಲುಜ್ಜುವ ಖರ್ಚು ಅಷ್ಟರಮಟ್ಟಿಗೆ ಹಗುರವಾಯಿತು. ಆದರೆ ನಮ್ಮ ವಯಸ್ಸಿನವರ ಖರ್ಚು ಈಗ ಹಲ್ಲುಜ್ಜುವಲ್ಲಿಗೆ ನಿಲ್ಲುತ್ತಿಲ್ಲ, ಹಲ್ಲನ್ನು ಬೆಳ್ಳಗೆ ಮಾಡಿಕೊಳ್ಳುವತ್ತ ಸಾಗಿದೆ. ಮೊಬೈಲ್ ತೆರೆದರೆ ನೇರಳೆ ಬಣ್ಣದ ಪೇಸ್ಟ್, ಇದ್ದಿಲಿನ ಪುಡಿ, ಹಲ್ಲಿಗೆ ಅಂಟಿಸುವ ಪಟ್ಟಿ, ಬಾಯಲ್ಲಿ ಇಟ್ಟುಕೊಳ್ಳುವ ನೀಲಿ ದೀಪ. ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಾಗ, ಮನೆಯಲ್ಲಿ ಮದುವೆಯ ಮಾತು ಶುರುವಾದಾಗ ಈ ಜಾಹೀರಾತುಗಳು ಇನ್ನಷ್ಟು ಆಕರ್ಷಕವಾಗಿ ಕಾಣುತ್ತವೆ. 'ಏಳೇ ದಿನದಲ್ಲಿ ಮುತ್ತಿನಂಥ ಹಲ್ಲು' ಎಂಬ ಮಾತಿಗೆ ಮರುಳಾಗದವರು ಕಡಿಮೆ.

ಇವೆಲ್ಲವೂ ಬಿಳುಪನ್ನು ಮಾರುತ್ತವೆ. ಆದರೆ ಯಾವುದೂ 'ನಿನ್ನ ಹಲ್ಲು ಹಳದಿಯಾದದ್ದು ಯಾಕೆ?' ಎಂದು ಕೇಳುವುದಿಲ್ಲ. ರೊಕ್ಕ ಉಳಿಯಬೇಕಾದರೂ ಹಲ್ಲು ಉಳಿಯಬೇಕಾದರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಹಳದಿಯೆಲ್ಲ ಕೊಳೆಯಲ್ಲ

ಹಲ್ಲಿನ ಹೊರಪದರ ಎನಾಮೆಲ್. ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು ಅದು. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ಫಾಸ್ಫೇಟ್ ಖನಿಜದಿಂದ ಆದದ್ದು. ಅದು ಅರೆಪಾರದರ್ಶಕ. ಅದರ ಕೆಳಗಿನ ಡೆಂಟಿನ್ ಪದರ ಸಹಜವಾಗಿಯೇ ತಿಳಿಹಳದಿ. ಆದ್ದರಿಂದ ಆರೋಗ್ಯವಂತ ಹಲ್ಲು ಕಾಗದದಷ್ಟು ಬೆಳ್ಳಗಿರುವುದಿಲ್ಲ. ದಂತ ವೈದ್ಯರು ಹಲ್ಲಿನ ಬಣ್ಣ ಹೊಂದಿಸಲು ಬಳಸುವ ವಿಟಾ ಪಟ್ಟಿಯಲ್ಲಿ 16 ಛಾಯೆಗಳಿವೆ. ಅವೆಲ್ಲ ಸಹಜ ಹಲ್ಲಿನ ಬಣ್ಣಗಳೇ. ಸಿನಿಮಾ ನಟರ ಹಲ್ಲಿನಲ್ಲಿ ನಾವು ನೋಡುವ ಬಿಳುಪು ಎಷ್ಟೋ ಸಲ ಆ ಪಟ್ಟಿಯ ಆಚೆಗಿನದು. ಅದು ಪಿಂಗಾಣಿ ಹೊದಿಕೆಯದ್ದೋ ಕ್ಯಾಮೆರಾ ಫಿಲ್ಟರಿನದ್ದೋ ಆಗಿರುತ್ತದೆ.

ಕಲೆಯಲ್ಲಿ ಎರಡು ಬಗೆ. ಒಂದು, ಮೇಲ್ಮೈಗೆ ಅಂಟಿದ್ದು: ಚಹಾ, ಕಾಫಿ, ಎಲೆ-ಅಡಿಕೆ, ತಂಬಾಕು, ಗಟ್ಟಿಯಾಗಿ ಕೂತ ಪಾಚಿ. ಇನ್ನೊಂದು, ಒಳಗಿನದು: ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡ್, ಬಾಲ್ಯದಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್ ಔಷಧ, ಪೆಟ್ಟು ಬಿದ್ದು ನರ ಸತ್ತ ಹಲ್ಲು, ವಯಸ್ಸು. ಮೊದಲನೆಯ ಬಗೆಗೆ ಒಂದು ಶುಚಿ ಸಾಕು. ಎರಡನೆಯದಕ್ಕೆ ಯಾವ ಪೇಸ್ಟೂ ಸಾಲದು. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದ ಗ್ರಾಹಕನೇ ಈ ಮಾರುಕಟ್ಟೆಯ ಬಂಡವಾಳ.

ಉಜ್ಜಿದಷ್ಟೂ ಹಳದಿ

ಹಳ್ಳಿಯಲ್ಲಿ ಹಿಂದೆ ಕುಳ್ಳಿನ ಬೂದಿ, ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ಹಲ್ಲುಜ್ಜುತ್ತಿದ್ದರು. ಅದೇ ಇದ್ದಿಲು ಈಗ ಕಪ್ಪು ಡಬ್ಬಿಯಲ್ಲಿ ನೂರಾರು ರೂಪಾಯಿಗೆ ಮರಳಿ ಬಂದಿದೆ. ಇಲ್ಲಿ ನಮ್ಮ ಎಂಜಿನಿಯರಿಂಗ್ ಪಾಠವೊಂದು ಉಪಯೋಗಕ್ಕೆ ಬರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ ಎನಾಮೆಲ್ ಸುಮಾರು 5. ಇಟ್ಟಿಗೆಯಲ್ಲಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, 7. ಗಡಸು ವಸ್ತು ಮೆದುವಾದದ್ದನ್ನು ಗೀರುತ್ತದೆ. ಒರಟು ಪುಡಿಯಿಂದ ಉಜ್ಜಿದಾಗ ಕಲೆಯ ಜೊತೆಗೆ ಎನಾಮೆಲ್ ಕೂಡ ಸವೆಯುತ್ತದೆ.

ಎನಾಮೆಲನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟಿ ಹೊರಬಂದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಸವೆದ ಎನಾಮೆಲ್ ಮತ್ತೆ ಬೆಳೆಯದು. ಮೇಲಿನ ಪದರ ತೆಳುವಾದಷ್ಟೂ ಒಳಗಿನ ಹಳದಿ ಡೆಂಟಿನ್ ಹೆಚ್ಚು ಕಾಣುತ್ತದೆ. ಬೆಳ್ಳಗಾಗಲೆಂದು ದಿನವೂ ಉಜ್ಜಿದವನ ಹಲ್ಲು ಕೆಲವು ವರ್ಷಗಳಲ್ಲಿ ಇನ್ನಷ್ಟು ಹಳದಿಯಾಗುತ್ತದೆ, ಜೊತೆಗೆ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ.

ನಿಂಬೆರಸ ಮತ್ತು ಅಡುಗೆ ಸೋಡಾದ 'ಮನೆಮದ್ದು' ಕೂಡ ಹೀಗೆಯೇ. ಬಾಯಿಯ ಆಮ್ಲೀಯತೆ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಆರಂಭವಾಗುತ್ತದೆ. ನಿಂಬೆರಸದ ಪಿಎಚ್ ಸುಮಾರು 2. ವಿಡಿಯೊದಲ್ಲಿ ತೋರಿಸುವ ಆ ಹೊಳಪು, ಆಮ್ಲ ತಿಂದುಹಾಕಿದ ಮೇಲ್ಮೈಯ ಹೊಳಪು. ನೇರಳೆ ಪೇಸ್ಟ್ ಇಷ್ಟು ಅಪಾಯಕಾರಿಯಲ್ಲ. ಆದರೆ ಅದು ಹಳದಿಯ ಮೇಲೆ ನೇರಳೆ ಛಾಯೆ ಕೂರಿಸಿ ಕಣ್ಣನ್ನು ಮರುಳು ಮಾಡುವ ತಂತ್ರವಷ್ಟೆ. ಬಾಯಿ ಮುಕ್ಕಳಿಸಿ, ಊಟ ಮಾಡಿದರೆ ಬಿಳುಪೂ ಹೋಗುತ್ತದೆ.

ಯಾವುದಕ್ಕೆ ಎಷ್ಟು?

ನಮ್ಮ ಭಾಗದಲ್ಲಿ ಸಂಕೇಶ್ವರ, ಹುಕ್ಕೇರಿ, ಗೋಕಾಕದಂಥ ಊರುಗಳಲ್ಲಿ ದಂತ ಚಿಕಿತ್ಸಾಲಯಗಳಿವೆ. ಯಮಕನಮರಡಿಯಿಂದ ಹೆದ್ದಾರಿ ಹಿಡಿದರೆ ಬೆಳಗಾವಿಯೂ ದೂರವಲ್ಲ. ಊರು, ವೈದ್ಯರು, ಬಳಸುವ ಸಾಮಗ್ರಿಗೆ ತಕ್ಕಂತೆ ಬೆಲೆ ಬದಲಾಗುತ್ತದೆ. ಖಾಸಗಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಂದಾಜು ಹೀಗಿದೆ.

ಸ್ಕೇಲಿಂಗ್ ಮತ್ತು ಪಾಲಿಶಿಂಗ್: ಯಂತ್ರದಿಂದ ಪಾಚಿ, ಮೇಲ್ಮೈ ಕಲೆ ತೆಗೆಯುವುದು. ಸುಮಾರು 500ರಿಂದ 2,000 ರೂಪಾಯಿ. ಇದು ಬಿಳುಪಿನ ಚಿಕಿತ್ಸೆಯಲ್ಲ, ಒಸಡಿನ ಆರೋಗ್ಯದ ಚಿಕಿತ್ಸೆ. ಆದರೆ ಚಹಾ-ಅಡಿಕೆಯ ಕಲೆ ಇದರಿಂದಲೇ ಹೋಗುತ್ತದೆ. 'ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ' ಎಂಬ ನಂಬಿಕೆ ಊರಲ್ಲಿ ಗಟ್ಟಿಯಾಗಿದೆ. ನಿಜವಾಗಿ ಹಲ್ಲನ್ನು ಸಡಿಲಿಸುವುದು ಒಸಡಿನ ಕೆಳಗೆ ಕೂತ ಗಟ್ಟಿ ಪಾಚಿ. ಅದು ಹೋದಾಗ ಸಂದು ಕಾಣುತ್ತದೆ, ಅಷ್ಟೆ.

ಮನೆಯಲ್ಲಿ ಬಳಸುವ ಟ್ರೇ: ವೈದ್ಯರು ನಿಮ್ಮ ಹಲ್ಲಿನ ಅಚ್ಚು ತೆಗೆದು ತೆಳುವಾದ ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ ಕಡಿಮೆ ಪ್ರಮಾಣದ ಜೆಲ್ ಹಾಕಿ ಒಂದೆರಡು ವಾರ ಧರಿಸಬೇಕು. ಸುಮಾರು 3,000ರಿಂದ 8,000 ರೂಪಾಯಿ. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ದಂತ ತಜ್ಞರು ಪ್ರಕಟಿಸಿದ ವಿಧಾನವಿದು. ನಿಧಾನ, ಆದರೆ ಹೆಚ್ಚು ಪರೀಕ್ಷೆಗೆ ಒಳಗಾಗಿ ಉಳಿದುಕೊಂಡಿದೆ.

ಕ್ಲಿನಿಕ್‌ನಲ್ಲಿ ಬ್ಲೀಚಿಂಗ್: ಒಂದು ತಾಸಿನ ಕೆಲಸ, ಸುಮಾರು 5,000ರಿಂದ 15,000 ರೂಪಾಯಿ. 'ಲೇಸರ್' ಎಂಬ ಹೆಸರು ಸೇರಿದರೆ ಇನ್ನೂ ಹೆಚ್ಚು. ಕೆಲಸ ಮಾಡುವುದು ಜೆಲ್, ಬೆಳಕಿನಿಂದ ದೀರ್ಘಾವಧಿಯ ಲಾಭ ಹೆಚ್ಚೇನಿಲ್ಲ. ಚಿಕಿತ್ಸೆ ಮುಗಿದ ತಕ್ಷಣ ಹಲ್ಲು ಒಣಗಿರುವುದರಿಂದ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಕೆಲವು ದಿನಗಳಲ್ಲಿ ತುಸು ಹಿಂದೆ ಸರಿಯುತ್ತದೆ. ಅಲ್ಲಿಯೇ ತೆಗೆದ ಫೋಟೊ ನೋಡಿ ಬೆಲೆ ಕಟ್ಟಬೇಡಿ.

ವೆನೀರ್: ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ. ಪಿಂಗಾಣಿಯದಾದರೆ ಒಂದೊಂದು ಹಲ್ಲಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಇದಕ್ಕೆ ಎಷ್ಟೋ ಸಲ ಆರೋಗ್ಯವಂತ ಎನಾಮೆಲನ್ನೇ ಕೆರೆಯಬೇಕಾಗುತ್ತದೆ. ಒಮ್ಮೆ ಕೆರೆದ ಮೇಲೆ ಹಿಂದಿರುಗುವ ದಾರಿಯಿಲ್ಲ. ಹೊದಿಕೆ ಹಳತಾದಾಗಲೆಲ್ಲ ಮತ್ತೆ ಖರ್ಚು.

ಇಪ್ಪತ್ತರ ಹುಡುಗನಿಗೆ ಇದರಲ್ಲಿ ಬಹುಪಾಲು ಬೇಕಾಗುವುದು ಮೊದಲನೆಯದು ಮಾತ್ರ. ಆದರೆ ಜಾಹೀರಾತು ಬರುವುದು ಉಳಿದ ಮೂರಕ್ಕೆ.

ಬ್ಲೀಚ್ ಮಾಡುವುದು ಏನನ್ನು?

ಬ್ಲೀಚಿಂಗ್ ಜೆಲ್‌ನ ಜೀವ ಹೈಡ್ರೋಜನ್ ಪೆರಾಕ್ಸೈಡ್. ಅದು ಎನಾಮೆಲ್ ಒಳಗೆ ಇಳಿದು ಬಣ್ಣ ಕೊಡುವ ದೊಡ್ಡ ಅಣುಗಳನ್ನು ಆಕ್ಸಿಡೀಕರಿಸಿ ಒಡೆಯುತ್ತದೆ. ಆಗ ಬಣ್ಣ ತಿಳಿಯಾಗುತ್ತದೆ. ಮನೆಯ ಟ್ರೇಗಳಲ್ಲಿ ಬಳಸುವ ಕಾರ್ಬಮೈಡ್ ಪೆರಾಕ್ಸೈಡ್ ಶೇ 10ರದ್ದಾದರೆ ಅದರಿಂದ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ 3.5. ಕ್ಲಿನಿಕ್‌ನಲ್ಲಿ ಬಳಸುವುದು ಶೇ 25ರಿಂದ 40ರ ತನಕ. ಅಷ್ಟು ಪ್ರಬಲ ದ್ರಾವಣ ಒಸಡಿಗೆ ತಾಗಿದರೆ ಸುಡುತ್ತದೆ. ಆದ್ದರಿಂದಲೇ ವೈದ್ಯರು ಮೊದಲು ಒಸಡಿಗೆ ರಕ್ಷಣೆಯ ಪದರ ಹಚ್ಚುತ್ತಾರೆ.

ಯುರೋಪ್ ಒಕ್ಕೂಟ 2011ರಲ್ಲೇ ಇದಕ್ಕೆ ಗೆರೆ ಎಳೆದಿದೆ. ಶೇ 0.1ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಉತ್ಪನ್ನವನ್ನು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ. ಶೇ 6ರ ತನಕ ದಂತ ವೈದ್ಯರ ಮೂಲಕವೇ, ಮೊದಲ ಬಳಕೆ ಅವರ ನಿಗಾದಲ್ಲೇ. 18 ವರ್ಷದ ಒಳಗಿನವರಿಗೆ ಇಲ್ಲ. ಆನ್‌ಲೈನ್‌ನಲ್ಲಿ ಕಿಟ್ ತರಿಸುವ ಮುನ್ನ ಪೊಟ್ಟಣದ ಮೇಲೆ ಪೆರಾಕ್ಸೈಡ್ ಪ್ರಮಾಣ ಬರೆದಿದೆಯೇ ಎಂದು ನೋಡಿ. ಬರೆದಿಲ್ಲವಾದರೆ ಬಾಯಿಗೆ ಹಾಕಬೇಡಿ.

ಸರಿಯಾದ ಕೈಯಲ್ಲಿ ಬ್ಲೀಚಿಂಗ್ ಸುರಕ್ಷಿತವೇ. ಕೆಲವು ದಿನ ಹಲ್ಲು ಜುಮ್ಮೆನ್ನುವುದು ಸಾಮಾನ್ಯ, ಆಮೇಲೆ ತಗ್ಗುತ್ತದೆ. ಆದರೆ ಹುಳುಕಿದ ಹಲ್ಲು, ಬಿರುಕು, ರಕ್ತ ಬರುವ ಒಸಡು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ತುಂಬಿಸಿದ ಹಲ್ಲು ಮತ್ತು ಕ್ಯಾಪ್ ಬ್ಲೀಚಿಂಗ್‌ನಿಂದ ಬಣ್ಣ ಬದಲಿಸುವುದಿಲ್ಲ. ಸುತ್ತಲಿನ ಹಲ್ಲು ಬೆಳ್ಳಗಾಗಿ ಅದೊಂದೇ ಬೇರೆಯಾಗಿ ಕಾಣಬಹುದು. ಬಂದ ಬಿಳುಪು ಕೂಡ ಶಾಶ್ವತವಲ್ಲ. ಚಹಾ, ತಂಬಾಕು ಮುಂದುವರಿದರೆ ಕೆಲವೇ ತಿಂಗಳಲ್ಲಿ ಹಳೆಯ ಬಣ್ಣ ಮರಳುತ್ತದೆ.

'ಸ್ಮೈಲ್ ಡಿಸೈನಿಂಗ್' ಎಂಬ ಹೆಸರಿನಲ್ಲಿ ಹಲವು ಚಿಕಿತ್ಸೆಗಳನ್ನು ಒಟ್ಟಿಗೆ ಮಾರುವಾಗ ಇನ್ನಷ್ಟು ಎಚ್ಚರ ಬೇಕು. 2024ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮದುವೆ ನಿಶ್ಚಯವಾಗಿದ್ದ 28 ವರ್ಷದ ಯುವಕನೊಬ್ಬ ಇಂಥ ಚಿಕಿತ್ಸೆಗೆ ಹೋಗಿ ಸಾವಿಗೀಡಾದ. ಅರಿವಳಿಕೆ ಹೆಚ್ಚಾಯಿತು ಎಂಬುದು ಕುಟುಂಬದವರ ಆರೋಪವಾಗಿತ್ತು. ಇದು ಅಪರೂಪದ ಘಟನೆ, ಸಾಧಾರಣ ಬ್ಲೀಚಿಂಗ್‌ಗೆ ಅರಿವಳಿಕೆಯೇ ಬೇಡ. ಆದರೆ ಏನು ಮಾಡುತ್ತೀರಿ, ಯಾವ ಚುಚ್ಚುಮದ್ದು ಕೊಡುತ್ತೀರಿ ಎಂದು ಕೇಳುವುದು ನಮ್ಮ ಹಕ್ಕು.

ಗಡಿ ಭಾಗದ ಕಲೆ

ನಮ್ಮ ಪಕ್ಕದ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಮಹಾರಾಷ್ಟ್ರಕ್ಕೆ ಹೊಂದಿದ ಈ ಸೀಮೆಯಲ್ಲಿ ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ 'ಮಿಶ್ರಿ' ಚಟ ಹಳೆಯದು. ಅಜ್ಜಿಯಂದಿರಿಗೆ ಅದು ಚಟ ಅನ್ನಿಸುವುದೇ ಇಲ್ಲ, ಹಲ್ಲುಜ್ಜುವ ಪುಡಿ. ತಂಬಾಕು ಸೇರಿಸಿದ ಟೂತ್‌ಪೇಸ್ಟ್, ಹಲ್ಲುಪುಡಿಗಳ ತಯಾರಿಕೆ ಮತ್ತು ಮಾರಾಟವನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಸುಪ್ರೀಂ ಕೋರ್ಟ್ 1997ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಮನೆಯ ಹಂಚಿನ ಮೇಲೆ ಹುರಿಯುವ ಪುಡಿಯನ್ನು ಯಾವ ಆದೇಶ ತಡೆದೀತು?

ನಮ್ಮ ತಲೆಮಾರಿನದು ಗುಟ್ಕಾ. ಕರ್ನಾಟಕ 2013ರಲ್ಲೇ ಅದನ್ನು ನಿಷೇಧಿಸಿದೆ. ಮಾರುವವರು ಪಾನ್ ಮಸಾಲದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಮಾಡಿದರು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸುವ ಕೆಲಸ ಹುಡುಗರದ್ದಾಯಿತು.

ಇಲ್ಲಿ ಹಲ್ಲಿನ ಕಲೆ ಬರೀ ಅಂದದ ವಿಷಯವಲ್ಲ, ಅದೊಂದು ಎಚ್ಚರಿಕೆ. ಅಡಿಕೆ-ತಂಬಾಕು ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕೆಲವರಲ್ಲಿ ಬಿಳಿ ಮಚ್ಚೆಗಳು ಮೂಡುತ್ತವೆ. ಇವು ಕ್ಯಾನ್ಸರ್‌ಗೆ ತಿರುಗಬಹುದಾದ ಲಕ್ಷಣಗಳು. ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ನೋಡಿ. ಹೋಗದಿದ್ದರೆ ಬೇಕಾಗಿರುವುದು ಬಿಳುಪಿನ ಕಿಟ್ ಅಲ್ಲ, ವೈದ್ಯರು. ಸಂದರ್ಶನಕ್ಕೆಂದು ಕಲೆ ತೆಗೆಸಿ ಮರುದಿನ ಮತ್ತೆ ಚೀಟಿ ಹರಿಯುವವನು, ಸದ್ದು ಮಾಡುತ್ತದೆಂದು ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿದವನ ಹಾಗೆ.

ನೀರು ಕೊಟ್ಟ ಕಲೆ

ಘಟಪ್ರಭೆಯ ದಂಡೆಯಲ್ಲಿ ಹಿಡಕಲ್ ಜಲಾಶಯದ ನೀರು ಕುಡಿದು ಬೆಳೆದವರಿಗೆ ಇನ್ನೊಂದು ಕರ್ನಾಟಕದ ಅನುಭವ ಸುಲಭವಾಗಿ ಅರ್ಥವಾಗಲಿಕ್ಕಿಲ್ಲ. ಗದಗಿನ ಮುಂಡರಗಿ, ಕೊಪ್ಪಳ, ರಾಯಚೂರು, ತುಮಕೂರಿನ ಪಾವಗಡ, ಬಾಗೇಪಲ್ಲಿ, ಕೋಲಾರದ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಎಂಬುದು ಭಾರತೀಯ ಮಾನಕ. ಅದು ಮೀರಿದ ನೀರನ್ನು ಎಂಟು ವರ್ಷದ ಒಳಗಿನ ಮಕ್ಕಳು ಕುಡಿದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನಲ್ಲೇ ಸುಣ್ಣದಂಥ ಮಚ್ಚೆ, ಕಂದು ಪಟ್ಟೆ ಕೂರುತ್ತದೆ.

ಈ ಕಂದು ಹಲ್ಲಿನ ಗುಟ್ಟು ತಿಳಿಯಲು ಜಗತ್ತಿಗೆ ಮೂವತ್ತು ವರ್ಷ ಬೇಕಾಯಿತು. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ದಂತ ವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಕಂಡು ಬೆರಗಾದರು. ಕಾರಣ ನೀರಿನ ಫ್ಲೋರೈಡ್ ಎಂದು ಖಚಿತವಾದದ್ದು 1931ರಲ್ಲಿ. ನಮ್ಮ ದೇಶ ಫ್ಲೋರೋಸಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 2008-09ರಲ್ಲಿ.

ಆ ಊರುಗಳ ಹುಡುಗ-ಹುಡುಗಿಯರೂ ನಮ್ಮ ಜೊತೆಗೇ ಸಂದರ್ಶನದ ಸಾಲಿನಲ್ಲಿ ಕೂರುತ್ತಾರೆ. ಅವರ ಹಲ್ಲು ನೋಡಿ 'ಉಜ್ಜುವುದಿಲ್ಲವೇನೋ' ಎಂದು ನಗುವವರಿಗೆ ತಿಳಿದಿರಲಿ: ಅವರು ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಸೌಮ್ಯವಾದದ್ದನ್ನು ದಂತ ವೈದ್ಯರು ಮೇಲ್ಪದರ ತುಸು ನಯಗೊಳಿಸಿ, ಬ್ಲೀಚ್ ಮಾಡಿ ತಿಳಿಗೊಳಿಸಬಹುದು. ತೀವ್ರವಾದದ್ದಕ್ಕೆ ಹೊದಿಕೆಯೇ ಬೇಕು. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಯ ಹಾಗೆ, ಈ ಚಿಕಿತ್ಸೆ ನಿಜವಾಗಿ ಬೇಕಾದವರ ಜೇಬಿನಲ್ಲಿ ಅದಕ್ಕೆ ರೊಕ್ಕವಿಲ್ಲ. ಅವರ ತಮ್ಮ ತಂಗಿಯರಿಗೆ ಸುರಕ್ಷಿತ ನೀರು ಕೊಡುವುದೇ ಅಗ್ಗದ ಮತ್ತು ನ್ಯಾಯದ ಚಿಕಿತ್ಸೆ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು, ಊರಿನ ಶುದ್ಧ ನೀರಿನ ಘಟಕಗಳು ಸದಾ ಕೆಲಸ ಮಾಡುವಂತೆ ಕೇಳುವುದೂ ನಮ್ಮ ಕೆಲಸವೇ.

ನೌಕರಿ ಕೇಳುವುದು ಬಣ್ಣವನ್ನೇ?

ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಸೇನೆ ಸೇರುವ ಕನಸು ಈ ಭಾಗದ ಎಷ್ಟೋ ಮನೆಗಳಲ್ಲಿದೆ. ನಸುಕಿನಲ್ಲಿ ಹೆದ್ದಾರಿಯ ಬದಿ ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಅಭ್ಯರ್ಥಿಯ ಬಾಯಿ ತೆರೆಸಿ ಹಲ್ಲು ಎಣಿಸುವ ನೌಕರಿ ಅದು. ಅಲ್ಲಿ ಹಲ್ಲಿಗೆ ಅಂಕಗಳಿವೆ. ಮೇಲಿನ ಮತ್ತು ಕೆಳಗಿನ ಹಲ್ಲು ಜೋಡಿಯಾಗಿ ಕೆಲಸ ಮಾಡುವಂತಿದ್ದರೆ ಮುಂಭಾಗದ ಹಲ್ಲುಗಳಿಗೆ ಒಂದೊಂದು, ದವಡೆ ಹಲ್ಲಿಗೆ ಎರಡು. ಎಲ್ಲ ಹಲ್ಲೂ ಸರಿಯಿದ್ದರೆ 22, ಆಯ್ಕೆಗೆ ಕನಿಷ್ಠ 14 ಬೇಕು. ಒಸಡಿನ ತೀವ್ರ ರೋಗವಿದ್ದರೆ ಅನರ್ಹ. ಬಿಳುಪಿಗೆ ಅಂಕವಿಲ್ಲ.

ಹಲ್ಲನ್ನು ಅಧಿಕೃತವಾಗಿ ಪರೀಕ್ಷಿಸುವ ನೌಕರಿಯೇ ಬಣ್ಣ ಬಿಟ್ಟು ಬಲ ನೋಡುತ್ತದೆ. ಹಾಗಿದ್ದ ಮೇಲೆ ಕೋಡಿಂಗ್ ಕೇಳುವ, ಲೆಕ್ಕ ಕೇಳುವ ಸಂದರ್ಶಕರು ಹಲ್ಲಿನ ಛಾಯೆ ನೋಡಿ ಕೆಲಸ ಕೊಡುತ್ತಾರೆಯೇ? ವಿಮಾನದ ಸಿಬ್ಬಂದಿ, ಹೋಟೆಲ್ ಸ್ವಾಗತಕಾರರು, ಟಿವಿ ನಿರೂಪಕರಂಥ ಕೆಲವು ಕೆಲಸಗಳಲ್ಲಿ ನೋಟಕ್ಕೆ ಬೆಲೆಯಿದೆ, ನಿಜ. ಅಂಥ ಕಡೆಗೆ ಹೊರಟವರು ವೈದ್ಯರನ್ನು ಕೇಳಿ ಬ್ಲೀಚಿಂಗ್ ಮಾಡಿಸಿಕೊಂಡರೆ ತಪ್ಪೇನಿಲ್ಲ. ಕಲೆಯ ಸಂಕೋಚದಿಂದ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವವರಿಗೆ ಅದರಿಂದ ಧೈರ್ಯ ಬರುವುದಾದರೆ ಆ ಲಾಭವೂ ಸಣ್ಣದಲ್ಲ. ಉಳಿದವರಿಗೆ ಶುಚಿಯಾದ ಹಲ್ಲು, ವಾಸನೆಯಿಲ್ಲದ ಬಾಯಿ ಸಾಕು.

ಕೇಳುವ ಹಕ್ಕು

1948ರ ದಂತವೈದ್ಯರ ಕಾಯ್ದೆಯ ಪ್ರಕಾರ ಹಲ್ಲಿನ ಚಿಕಿತ್ಸೆ ನೋಂದಾಯಿತ ದಂತ ವೈದ್ಯರ ಕೆಲಸ. ಬ್ರಿಟನ್ನಿನ ಹೈಕೋರ್ಟ್ 2013ರಲ್ಲಿ, ಹಲ್ಲು ಬೆಳ್ಳಗೆ ಮಾಡುವುದೂ ದಂತ ಚಿಕಿತ್ಸೆಯೇ ಎಂದು ಸ್ಪಷ್ಟವಾಗಿ ಹೇಳಿತು. ಬ್ಯೂಟಿ ಪಾರ್ಲರ್‌ನ ಕುರ್ಚಿಯಲ್ಲಿ ಬಾಯಿ ತೆರೆಯುವ ಮುನ್ನ ಇದು ನೆನಪಿರಲಿ. ಜಾಹೀರಾತಿನ ಮಾತಿಗೂ ಲೆಕ್ಕ ಕೇಳಬಹುದು. 'ಜಗತ್ತಿನಾದ್ಯಂತ ದಂತ ವೈದ್ಯರ ಶಿಫಾರಸು' ಎಂಬಂಥ ಜಾಹೀರಾತಿಗಾಗಿ ಸೆನ್ಸೊಡೈನ್ ಪೇಸ್ಟ್‌ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿ, ಜಾಹೀರಾತು ನಿಲ್ಲಿಸಲು ಹೇಳಿತ್ತು. 'ಏಳು ದಿನದ ಮುತ್ತು' ಮಾರುವವರಿಗೂ ಇದೇ ಕಾನೂನು ಅನ್ವಯಿಸುತ್ತದೆ.

ಗೆಳೆಯರೇ, ಬೆಳ್ಳಗಿರುವುದೆಲ್ಲ ಹಾಲಲ್ಲ. ಹಲ್ಲಿನ ಬಣ್ಣದ ಚಿಂತೆ ಹತ್ತಿದರೆ ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೋ ಬೆಳಗಾವಿಯ ದಂತ ಕಾಲೇಜುಗಳಿಗೋ ಹೋಗಿ ತೋರಿಸಿ. ಅಲ್ಲಿ ಖರ್ಚು ಖಾಸಗಿಗಿಂತ ಕಡಿಮೆ. ಕಲೆ ಮೇಲಿನದೋ ಒಳಗಿನದೋ ಕೇಳಿ. ಮೇಲಿನದಾದರೆ ಸ್ಕೇಲಿಂಗ್ ಮಾಡಿಸಿ, ಒಂದೆರಡು ತಿಂಗಳು ಕಾದು ನೋಡಿ. ದಿನಕ್ಕೆ ಎರಡು ಸಲ ಮೆದು ಬ್ರಷ್ಷಿನಿಂದ ಉಜ್ಜಿ, ಚಹಾ ಕುಡಿದ ಮೇಲೆ ನೀರು ಮುಕ್ಕಳಿಸಿ, ಚೀಟಿ ಬಿಡಿ. ಇಷ್ಟಾದ ಮೇಲೂ ಬಿಳುಪು ಬೇಕೆನಿಸಿದರೆ ವೈದ್ಯರ ನಿಗಾದಲ್ಲಿ ಬ್ಲೀಚಿಂಗ್ ಇದ್ದೇ ಇದೆ. ಆಗ ಎಷ್ಟು ಖರ್ಚು, ಎಷ್ಟು ದಿನ ಉಳಿಯುತ್ತದೆ, ಏನು ತೊಂದರೆ ಆಗಬಹುದು ಎಂಬ ಮೂರು ಪ್ರಶ್ನೆಗೆ ಉತ್ತರ ಪಡೆದು ಮುಂದುವರಿಯಿರಿ. ಉತ್ತರ ಕೊಡದವರ ಕೈಗೆ ಬಾಯಿ ಕೊಡಬೇಡಿ.